ನ್ಯಾಯಾಧೀಶರ ಮೇಲೆ ಸಂಶಯ ಬಂದಾಗ ರೈತರು ಮಾಡಬೇಕಾದ್ದೇನು?



ಈ ಪುಟದಲ್ಲಿ ಬಿತ್ತನೆ, ಗೊಬ್ಬರ, ಕೀಟಗಳ ಮಾತು ಓದುವುದು ನಿಮಗೆ ರೂಢಿ. ಈ ವಾರ ಕೋರ್ಟಿನ ಮಾತು ಎತ್ತಿದ್ದೇನೆಂದು ಹುಬ್ಬೇರಿಸಬೇಡಿ. ಹಳ್ಳಿ ತಿರುಗುವ ವಿಸ್ತರಣಾಧಿಕಾರಿಗೆ ಮಣ್ಣು ಪರೀಕ್ಷೆಯ ಚೀಟಿಯ ಜೊತೆಗೆ ಸಮನ್ಸಿನ ಕಾಗದವನ್ನೂ ತಂದು ತೋರಿಸುವವರಿದ್ದಾರೆ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಬಾವಿ ನೀರಿನ ಸರದಿ, ಬಂಡಿದಾರಿ, ಭೂಸ್ವಾಧೀನದ ಪರಿಹಾರ ಹೀಗೆ ಕಾರಣಗಳು ಹಲವು. ವ್ಯಾಜ್ಯವಿರುವ ಜಮೀನಿನ ಮೇಲೆ ಸಾಲ ಹುಟ್ಟುವುದು ಕಷ್ಟ. ಅಲ್ಲಿ ತೋಟ ಕಟ್ಟಲು ಧೈರ್ಯವೂ ಬಾರದು. ಆದ್ದರಿಂದ ಕೋರ್ಟಿನ ಮಾತೂ ಒಕ್ಕಲುತನದ ಮಾತೇ.

ಇಂಥ ಸಂದರ್ಭಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದುಂಟು. "ಸಾರ್, ಜಡ್ಜರು ಎದುರು ಪಾರ್ಟಿ ಕಡೆಗಿದ್ದಾರೆ ಅನ್ನಿಸುತ್ತದೆ. ಕೇಸನ್ನು ಬೇರೆ ಕೋರ್ಟಿಗೆ ಹಾಕಿಸಿಕೊಳ್ಳಲು ಬರುತ್ತದೆಯೇ?"

ಬರುತ್ತದೆ. ಕಾಯಿದೆಯಲ್ಲಿ ಅದಕ್ಕೆ ದಾರಿ ಇದೆ. ಆದರೆ ಅನ್ನಿಸುವುದು ಬೇರೆ, ಆಧಾರವಿರುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಕೆಲವರು ಕಾರಣವಿಲ್ಲದ ಅರ್ಜಿ ಹಾಕಿ ಹಣ, ಕಾಲ ಎರಡನ್ನೂ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಗಟ್ಟಿಯಾದ ಕಾರಣವಿದ್ದರೂ ಬಾಯಿ ಬಿಡದೆ ಕುಳಿತು, ತೀರ್ಪು ಬಂದ ಮೇಲೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಇಬ್ಬರಿಗೂ ನಷ್ಟ ತಪ್ಪಿದ್ದಲ್ಲ.

ತನ್ನ ವ್ಯಾಜ್ಯಕ್ಕೆ ತಾನೇ ಪಂಚನಾಗಬಾರದು

ಬದುವಿನ ಜಗಳಕ್ಕೆ ಊರಲ್ಲಿ ಪಂಚಾಯಿತಿ ಸೇರಿದಾಗ, ಆ ಹೊಲದಲ್ಲಿ ಪಾಲಿರುವವನನ್ನು ಪಂಚನಾಗಿ ಕೂರಿಸುವುದಿಲ್ಲ. ಕಾಯಿದೆಯ ತತ್ವವೂ ಇದೇ. ಇದಕ್ಕೆ ಇಂಗ್ಲೆಂಡಿನ ಹಳೆಯ ಮೊಕದ್ದಮೆಯೊಂದನ್ನು ವಕೀಲರು ಇಂದಿಗೂ ಹೆಸರಿಸುತ್ತಾರೆ. ಡೈಮ್ಸ್ ಎಂಬ ಭೂಮಾಲೀಕನಿಗೂ ಗ್ರ್ಯಾಂಡ್ ಜಂಕ್ಷನ್ ಎಂಬ ಕಾಲುವೆ ಕಂಪನಿಗೂ ಜಮೀನಿನ ವ್ಯಾಜ್ಯವಿತ್ತು. ಕಂಪನಿಯ ಪರವಾಗಿ ಆದೇಶ ಕೊಟ್ಟ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಂ ಅವರು ಅದೇ ಕಂಪನಿಯ ಷೇರುದಾರರೆಂಬುದು ಆಮೇಲೆ ಹೊರಬಿತ್ತು. 1852ರಲ್ಲಿ ಅಲ್ಲಿನ ಅತ್ಯುನ್ನತ ಪೀಠವಾದ ಹೌಸ್ ಆಫ್ ಲಾರ್ಡ್ಸ್ ಆ ಆದೇಶವನ್ನು ತೆಗೆದುಹಾಕಿತು. ಷೇರಿನ ಆಸೆಯಿಂದ ಅವರು ತಪ್ಪು ಮಾಡಿದರೆಂದು ಯಾರೂ ಹೇಳಲಿಲ್ಲ. ಹಣದ ಸಂಬಂಧ ಇದ್ದುದೇ ಸಾಕಾಯಿತು.

ಕಥೆಯ ಇನ್ನೊಂದು ಭಾಗವನ್ನೂ ಕೇಳಿ. ಮೂಲ ವ್ಯಾಜ್ಯದಲ್ಲಿ ಕಡೆಗೆ ಗೆದ್ದದ್ದು ಕಂಪನಿಯೇ. ಕೂತವರು ಬದಲಾದರೆ ನ್ಯಾಯವಾದ ವಿಚಾರಣೆ ಸಿಗುತ್ತದೆ. ಗೆಲುವು ಸಿಗುವುದು ನಿಮ್ಮ ಪತ್ರ, ಪುರಾವೆಗಳಿಂದ. ವರ್ಗಾವಣೆ ಕೇಳುವ ಪ್ರತಿಯೊಬ್ಬರೂ ಇದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಯಾವುದು ಆಧಾರ, ಯಾವುದು ಅಲ್ಲ?

ನಮ್ಮ ಸುಪ್ರೀಂ ಕೋರ್ಟು ಗುರುಚರಣ ದಾಸ್ ಛಡ್ಡಾ ಅವರ ಮೊಕದ್ದಮೆಯಲ್ಲಿ ಹಾಕಿಕೊಟ್ಟ ಅಳತೆಗೋಲು ಸರಳವಾಗಿದೆ. 1966ರ ವರದಿಗಳಲ್ಲಿ ಸೇರಿರುವ ಈ ತೀರ್ಪಿನ ಪ್ರಕಾರ, ನ್ಯಾಯ ಸಿಕ್ಕೇ ಸಿಗುವುದಿಲ್ಲವೆಂದು ಅರ್ಜಿದಾರ ರುಜುವಾತು ಮಾಡಬೇಕಾಗಿಲ್ಲ. ಸಿಗಲಾರದೆಂಬ ಅಂಜಿಕೆ ಇದೆಯೆಂದು ತೋರಿಸಿದರೆ ಸಾಕು. ಆದರೆ ಆ ಅಂಜಿಕೆ ವಿವೇಕವುಳ್ಳ ಯಾವನಿಗಾದರೂ ಬರುವಂಥದ್ದಾಗಿರಬೇಕು. ನನಗೆ ಅಂಜಿಕೆಯಿದೆ ಎಂದಷ್ಟೇ ಬರೆದರೆ ನಡೆಯದು.

ಇಬ್ಬರು ರೈತರನ್ನು ಊಹಿಸಿಕೊಳ್ಳಿ. ಮೊದಲನೆಯವನ ಬಂಡಿದಾರಿ ದಾವೆಯಲ್ಲಿ ಎದುರಾಳಿಗೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಅವನ ವಕೀಲರು ವಾಯಿದೆ ಕೇಳಿದಾಗ ನ್ಯಾಯಾಧೀಶರು ಗದರಿಸಿ, ಖರ್ಚು ಕಟ್ಟಿಸಿದರು. ಎದುರಾಳಿಯು ಚಹಾದಂಗಡಿಯಲ್ಲಿ ಕೂತು "ಜಡ್ಜರು ನಮ್ಮವರೇ" ಎಂದು ಮೀಸೆ ತಿರುವಿದ. ಎರಡನೆಯವನ ಪಾಲಿನ ದಾವೆ ಈಗ ಯಾರ ಮುಂದಿದೆಯೋ ಅದೇ ನ್ಯಾಯಾಧೀಶರು, ಹಿಂದೆ ವಕೀಲರಾಗಿದ್ದಾಗ ಅದೇ ಜಮೀನಿನ ವ್ಯಾಜ್ಯದಲ್ಲಿ ಎದುರಾಳಿಯ ಪರವಾಗಿ ವಕಾಲತ್ತು ಹಾಕಿದ್ದರು. ಆ ಹಳೆಯ ವಕಾಲತ್ತಿನ ನಕಲು ಅವನ ಕೈಲಿದೆ.

ಸಿಟ್ಟು ಹೆಚ್ಚಾಗಿ ಬರುವುದು ಮೊದಲನೆಯವನಿಗೆ. ಆಧಾರ ಇರುವುದು ಎರಡನೆಯವನಿಗೆ.

ಸಾಮಾನ್ಯವಾಗಿ ಕೋರ್ಟುಗಳು ಗಣನೆಗೆ ತೆಗೆದುಕೊಳ್ಳುವ ಕಾರಣಗಳು ಇವು: ವ್ಯಾಜ್ಯದ ಆಸ್ತಿಯಲ್ಲಿ ನ್ಯಾಯಾಧೀಶರಿಗೆ ಅಥವಾ ಅವರ ಮನೆಯವರಿಗೆ ಹಣದ ಸಂಬಂಧವಿರುವುದು, ಒಬ್ಬ ಕಕ್ಷಿದಾರನೊಡನೆ ಹತ್ತಿರದ ನೆಂಟಸ್ತನ ಅಥವಾ ಹಗೆ ಇರುವುದು, ಅದೇ ವಿಷಯದಲ್ಲಿ ಹಿಂದೆ ಒಬ್ಬರ ವಕೀಲರಾಗಿದ್ದುದು, ಇನ್ನೊಬ್ಬರಿಗೆ ತಿಳಿಯದಂತೆ ಒಂದು ಕಡೆಯವರನ್ನು ಕರೆದು ಮೊಕದ್ದಮೆಯ ಮಾತಾಡಿದ್ದು, ಸಾಕ್ಷ್ಯ ಕೇಳುವ ಮೊದಲೇ ತೀರ್ಮಾನವಾಗಿದೆಯೆಂದು ಸ್ಪಷ್ಟವಾಗಿ ಆಡಿ ತೋರಿಸಿದ್ದು.

ಆಧಾರವಲ್ಲದವು ಇವು: ಮಧ್ಯಂತರ ಆದೇಶ ನಮಗೆ ವಿರುದ್ಧವಾದದ್ದು; ವಾಯಿದೆ ಕೊಡದಿದ್ದದ್ದು; ವಕೀಲರಿಗೆ ಖಾರವಾಗಿ ಮಾತಾಡಿದ್ದು; ನ್ಯಾಯಾಧೀಶರದೂ ಎದುರಾಳಿಯದೂ ಒಂದೇ ಜಾತಿ ಅಥವಾ ಒಂದೇ ಜಿಲ್ಲೆ ಎಂಬುದು; ಎದುರಾಳಿಯ ಜಂಬದ ಮಾತು. ಆದೇಶ ತಪ್ಪೆನ್ನಿಸಿದರೆ ಅದಕ್ಕೆ ಮದ್ದು ಮೇಲ್ಮನವಿ. ತಾತ್ಕಾಲಿಕ ತಡೆಯಾಜ್ಞೆಯ ಮೇಲೆ ಮೇಲ್ಮನವಿ ಹೋಗಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಅವಕಾಶವಿದೆ. ಎಲೆ ಹಳದಿಯಾದ ಕೂಡಲೇ ರೋಗವೆಂದು ಔಷಧಿ ಹೊಡೆಯುವ ರೈತ, ಸಾರಜನಕದ ಕೊರತೆಗೆ ಶಿಲೀಂಧ್ರನಾಶಕ ಸುರಿದಂತಾಗುತ್ತದೆ. ತಪ್ಪಾದ ಆದೇಶಕ್ಕೆ ವರ್ಗಾವಣೆ ಅರ್ಜಿ ಹಾಕುವುದೂ ಹಾಗೆಯೇ.

ಜಂಬದ ಮಾತಿನ ಬಗ್ಗೆ ಇನ್ನೊಂದು ಎಚ್ಚರಿಕೆ. "ಜಡ್ಜರನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಹಣ ಕೇಳುವ ದಲ್ಲಾಳಿಗಳು ಎರಡೂ ಕಡೆಯಿಂದ ಹಣ ಎತ್ತುವುದುಂಟು. ಗೆದ್ದವರ ಹಣ ಇಟ್ಟುಕೊಂಡು ಸೋತವರಿಗೆ ಕಾರಣ ಹೇಳಿದರೆ ಅವರ ಕೆಲಸ ಮುಗಿಯಿತು. ನ್ಯಾಯಾಧೀಶರಿಗೆ ಇದರ ಗಾಳಿಯೂ ತಟ್ಟಿರುವುದಿಲ್ಲ.

ತಡಮಾಡಿದರೆ ಹಕ್ಕು ಹೋಗುತ್ತದೆ

ಆಧಾರ ಗಟ್ಟಿಯಿದ್ದರೂ ಸಕಾಲದಲ್ಲಿ ಹೇಳದಿದ್ದರೆ ಏನಾಗುತ್ತದೆ? ರಾಜಸ್ಥಾನದ ಸೋಜತ್ ಎಂಬ ಊರಿನ ವಕೀಲ ಮಾಣಕ್ ಲಾಲ್ ಅವರ ಪ್ರಕರಣ ಇದಕ್ಕೆ ಉತ್ತರ. ಡಾ. ಪ್ರೇಮ್‌ಚಂದ್ ಎಂಬವರು ಅವರ ಮೇಲೆ ವೃತ್ತಿಯಲ್ಲಿ ದುರ್ನಡತೆಯ ದೂರು ಕೊಟ್ಟರು. ವಿಚಾರಣೆಗೆ ಮೂವರ ಮಂಡಳಿ ನೇಮಕವಾಯಿತು. ಅದರ ಅಧ್ಯಕ್ಷರು ಹಿಂದೊಮ್ಮೆ ದೂರುದಾರರ ಪರವಾಗಿಯೇ ವಕೀಲರಾಗಿ ಹಾಜರಾದವರು. ಮಂಡಳಿಯ ವರದಿ ಮಾಣಕ್ ಲಾಲ್ ಅವರಿಗೆ ವಿರುದ್ಧವಾಯಿತು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಂಥ ಅಧ್ಯಕ್ಷರು ಕೂರಬಾರದಿತ್ತು ಎಂಬುದನ್ನು 1957ರಲ್ಲಿ ಕೋರ್ಟು ಒಪ್ಪಿತು. ಆದರೂ ಮಾಣಕ್ ಲಾಲ್ ಸೋತರು. ಸಂಗತಿ ಗೊತ್ತಿದ್ದೂ ಅವರು ಮಂಡಳಿಯ ಮುಂದೆ ತಕರಾರು ಎತ್ತಿರಲಿಲ್ಲ. ವರದಿ ಅನುಕೂಲವಾದರೆ ಆಗಲಿ ಎಂದು ಕಾದು, ವಿರುದ್ಧವಾದ ಮೇಲೆ ಪಕ್ಷಪಾತವೆಂದು ಹೇಳಿದರೆ ಆ ಹಕ್ಕನ್ನು ತಾನೇ ಬಿಟ್ಟುಕೊಟ್ಟಂತೆ ಎಂದು ಕೋರ್ಟು ಹೇಳಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಾನೂನು ಬಲ್ಲ ವಕೀಲರ ಪಾಡೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಸಂಗತಿ ತಿಳಿದ ದಿನವೇ ನಿಮ್ಮ ವಕೀಲರಿಗೆ ತಿಳಿಸಿ. ಮುಂದಿನ ವಾಯಿದೆಯವರೆಗೂ ಕಾಯಬೇಡಿ.

ಅರ್ಜಿ ಎಲ್ಲಿ ಹಾಕಬೇಕು?

ಸಿವಿಲ್ ದಾವೆ: ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 24ನೇ ಕಲಮಿನಂತೆ ಜಿಲ್ಲಾ ನ್ಯಾಯಾಲಯಕ್ಕೂ ಹೈಕೋರ್ಟಿಗೂ ವರ್ಗಾವಣೆಯ ಅಧಿಕಾರವಿದೆ. ದಾವೆ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗುವುದು ಹತ್ತಿರದ ದಾರಿ. ಜಿಲ್ಲಾ ನ್ಯಾಯಾಧೀಶರ ಮೇಲೆಯೇ ಸಂಶಯವಿದ್ದರೆ ಅಥವಾ ಬೇರೆ ಜಿಲ್ಲೆಗೆ ಹೋಗಬೇಕೆಂದಿದ್ದರೆ ಹೈಕೋರ್ಟು. ಉತ್ತರದ ಜಿಲ್ಲೆಗಳ ರೈತರು ಇದಕ್ಕೆ ಬೆಂಗಳೂರಿಗೆ ಬರಬೇಕಾಗಿಲ್ಲ. ಧಾರವಾಡ ಮತ್ತು ಕಲಬುರಗಿಗಳಲ್ಲಿ 2008ರಲ್ಲಿ ಶುರುವಾದ ಹೈಕೋರ್ಟಿನ ಸಂಚಾರಿ ಪೀಠಗಳು 2013ರಿಂದ ಕಾಯಂ ಆಗಿವೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದಾವೆ ಸಾಗಿಸುವ ಅಧಿಕಾರ 25ನೇ ಕಲಮಿನಂತೆ ಸುಪ್ರೀಂ ಕೋರ್ಟಿನದು.

ಕ್ರಿಮಿನಲ್ ಮೊಕದ್ದಮೆ: 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 448ನೇ ಕಲಮಿನಲ್ಲಿ ಸೆಷನ್ಸ್ ನ್ಯಾಯಾಧೀಶರಿಗೆ, 447ರಲ್ಲಿ ಹೈಕೋರ್ಟಿಗೆ, 446ರಲ್ಲಿ ಸುಪ್ರೀಂ ಕೋರ್ಟಿಗೆ ವರ್ಗಾವಣೆಯ ಅಧಿಕಾರವಿದೆ. ಒಂದೇ ಸೆಷನ್ಸ್ ವಿಭಾಗದೊಳಗಿನ ವರ್ಗಾವಣೆಗೆ ಮೊದಲು ಸೆಷನ್ಸ್ ನ್ಯಾಯಾಧೀಶರಲ್ಲಿ ಅರ್ಜಿ ಹಾಕಬೇಕು. ಅಲ್ಲಿ ತಿರಸ್ಕಾರವಾದ ಮೇಲೆ ಹೈಕೋರ್ಟಿಗೆ ಹೋಗಬಹುದು. ಮೆಟ್ಟಿಲು ಹಾರಿದರೆ ಅರ್ಜಿ ನಿಲ್ಲದು.

ಕಂದಾಯದ ತಕರಾರು: ತಹಸೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಮುಂದಿರುವ ಪಹಣಿ, ಖಾತೆ ತಕರಾರುಗಳಿಗೆ ಮೇಲಿನ ಕಲಮುಗಳು ಅನ್ವಯಿಸುವುದಿಲ್ಲ. 1964ರ ಭೂಕಂದಾಯ ಕಾಯಿದೆಯಲ್ಲಿ ಅದಕ್ಕೆ ಪ್ರತ್ಯೇಕ ಏರ್ಪಾಡು ಇದೆ. ಅಲ್ಲಿ ಕೇಳಬೇಕಾದ್ದು ಮೇಲಿನ ಕಂದಾಯ ಅಧಿಕಾರಿಯನ್ನು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗಳ ಮುಂದೆ ನಿಂತ ಹಿರಿಯರು ನಿಮ್ಮೂರಲ್ಲೂ ಇರಬಹುದು. ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿ, ಸರ್ಕಾರ ನೇಮಿಸಿದವರು ಸದಸ್ಯರಾಗಿ ಕೂರುತ್ತಿದ್ದ ಆ ಮಂಡಳಿಗಳಲ್ಲಿ ನೆಂಟಸ್ತನ, ಗುಂಪುಗಾರಿಕೆಯ ಸಂಶಯ ಏಳುವುದು ಸಹಜವಾಗಿತ್ತು. ಸದಸ್ಯ ಎದುರಾಳಿಯ ನೆಂಟನೆಂದು ಗೊತ್ತಾದ ದಿನವೇ ಬರವಣಿಗೆಯಲ್ಲಿ ತಕರಾರು ಕೊಡಬೇಕೆಂಬ ನಿಯಮ ಇಂಥ ಮಂಡಳಿಗಳಿಗೂ ಸಲ್ಲುತ್ತದೆ.

ಇವೆಲ್ಲಕ್ಕೂ ಮೊದಲು ಇನ್ನೊಂದು ಸುಲಭದ ದಾರಿಯುಂಟು. ನೆಂಟಸ್ತನ ಅಥವಾ ಹಳೆಯ ವಕಾಲತ್ತಿನಂಥ ಸ್ಪಷ್ಟ ಕಾರಣವಿದ್ದರೆ, ನಿಮ್ಮ ವಕೀಲರು ಅದೇ ನ್ಯಾಯಾಧೀಶರ ಗಮನಕ್ಕೆ ವಿನಯದಿಂದ ತರಬಹುದು. ಅವರಿಗೆ ಹಳೆಯ ಸಂಗತಿ ಮರೆತುಹೋಗಿರಬಹುದು. ಸಂಗತಿ ದಿಟವಾದರೆ ತಾವೇ ಹಿಂದೆ ಸರಿದು ಕಡತವನ್ನು ಬೇರೆಡೆಗೆ ಕಳುಹಿಸುವಂತೆ ಜಿಲ್ಲಾ ನ್ಯಾಯಾಧೀಶರಿಗೆ ಬರೆಯುವ ನ್ಯಾಯಾಧೀಶರು ಇದ್ದಾರೆ.

ಅರ್ಜಿಯಲ್ಲಿ ಏನು ಬರೆಯಬೇಕು?

ಅರ್ಜಿಯ ಜೊತೆಗೆ ಪ್ರಮಾಣಪತ್ರ, ಎಂದರೆ ಅಫಿಡವಿಟ್ಟು, ಕೊಡಬೇಕಾಗುತ್ತದೆ. ಅದರಲ್ಲಿ ಬರೆದದ್ದಕ್ಕೆಲ್ಲ ಸಹಿ ಹಾಕಿದ ನೀವೇ ಹೊಣೆ. ಸುಳ್ಳಾದರೆ ಶಿಕ್ಷೆಯುಂಟು. ಆದ್ದರಿಂದ ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಯಾರಿಂದ ಕೇಳಿದ್ದೆಂದು ಬೇರೆ ಮಾಡಿ ಬರೆಯಿಸಿ. ತಾರೀಖು, ಮೊಕದ್ದಮೆಯ ನಂಬರು, ನಡೆದದ್ದೇನು, ಆಗ ಯಾರಿದ್ದರು ಎಂಬುದು ಇರಲಿ. "ಯಾವಾಗಲೂ ನಮಗೆ ಅನ್ಯಾಯ" ಎಂಬ ವಾಕ್ಯಕ್ಕೆ ಬೆಲೆಯಿಲ್ಲ.

ಮೊಕದ್ದಮೆಗೊಂದು ನೋಟುಬುಕ್ಕು ಇಡಿ. ಪ್ರತಿ ವಾಯಿದೆಯ ದಿನ ನಡೆದದ್ದನ್ನು ಅದೇ ದಿನ ಬರೆದಿಡಿ. ಆರ್ಡರ್ ಷೀಟಿನ ದೃಢೀಕೃತ ನಕಲನ್ನು ಕೋರ್ಟಿನ ನಕಲು ಶಾಖೆಯಿಂದ ಪಡೆಯಿರಿ. ಈಗ ಪ್ರತಿ ಮೊಕದ್ದಮೆಗೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಿದೆ. ಅದನ್ನು ಹಾಕಿದರೆ ಇ-ಕೋರ್ಟ್ಸ್ ಸೇವೆಯಲ್ಲಿ ಮುಂದಿನ ವಾಯಿದೆಯನ್ನು ಮೊಬೈಲಿನಲ್ಲೇ ನೋಡಬಹುದು. ಮನೆಯ ಹುಡುಗರಿಗೆ ಹೇಳಿ ನೋಡಿಸಿಕೊಳ್ಳಿ.

"ನ್ಯಾಯಾಧೀಶರ ಮೇಲೆ ಬರೆದರೆ ನ್ಯಾಯಾಂಗ ನಿಂದನೆಯಾಗುವುದಿಲ್ಲವೇ?" ಎಂಬ ಭಯ ಹಲವರಿಗಿದೆ. 1971ರ ನ್ಯಾಯಾಂಗ ನಿಂದನೆ ಕಾಯಿದೆಯ 6ನೇ ಕಲಮು ಇಲ್ಲಿ ನಿಮ್ಮ ರಕ್ಷಣೆಗಿದೆ. ಅಧೀನ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಅಥವಾ ಇನ್ನೊಂದು ಅಧೀನ ನ್ಯಾಯಾಲಯಕ್ಕೆ ತಿಳಿಸಿದ ಮಾತು ನಿಂದನೆಯಾಗದು. ಆದರೆ ಅದೇ ಮಾತನ್ನು ಕರಪತ್ರ ಹಾಕಿ ಹಂಚಿದರೆ, ಮೊಬೈಲ್ ಗುಂಪುಗಳಲ್ಲಿ ಹರಿಯಬಿಟ್ಟರೆ ಈ ರಕ್ಷಣೆ ಇಲ್ಲ. ಆಗ 6 ತಿಂಗಳವರೆಗೆ ಸಾದಾ ಸಜೆ ಅಥವಾ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮಾತು ಸರಿಯಾದ ಜಾಗದಲ್ಲಿ, ಸರಿಯಾದ ಭಾಷೆಯಲ್ಲಿ ಇರಬೇಕು.

ವಕೀಲರು ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಬೇಸರಿಸಬೇಡಿ. 1950ರ ದಶಕದಲ್ಲಿ ನಾಗಪುರ ಹೈಕೋರ್ಟಿನ ನ್ಯಾಯಾಧೀಶರ ಮೇಲೆ ಹೀನಾಯವಾಗಿ ಬರೆದ ವರ್ಗಾವಣೆ ಅರ್ಜಿಗೆ ಇಬ್ಬರು ವಕೀಲರು ಸಹಿ ಹಾಕಿ ನಿಂದನೆಯ ಅಪರಾಧಕ್ಕೆ ಸಿಕ್ಕಿಕೊಂಡರು. ಸುಪ್ರೀಂ ಕೋರ್ಟು ಅವರ ಕ್ಷಮಾಪಣೆಯನ್ನು ಒಪ್ಪಿ ದಂಡ ತೆಗೆಯಿತಾದರೂ, ಕಕ್ಷಿದಾರ ಹೇಳಿದನೆಂದು ಆಧಾರ ನೋಡದೆ ಸಹಿ ಹಾಕುವ ವಕೀಲರೂ ಹೊಣೆಗಾರರೆಂದು ಸಾರಿತು.

ಅರ್ಜಿ ಹಾಕಿದ ಮೇಲೆ

ಎದುರಾಳಿಗೆ ನೋಟೀಸು ಹೋಗುತ್ತದೆ. ಸಂಬಂಧಪಟ್ಟ ನ್ಯಾಯಾಧೀಶರಿಂದ ಅಭಿಪ್ರಾಯವನ್ನೂ ತರಿಸಿಕೊಳ್ಳಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ವಿಚಾರಣೆ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ನಿಲ್ಲಬೇಕಾದರೆ ಪ್ರತ್ಯೇಕವಾಗಿ ತಡೆ ಕೇಳಿ ಪಡೆಯಬೇಕು. ಆದೇಶ ಕೈಗೆ ಬರುವವರೆಗೆ ವಾಯಿದೆಗೆ ತಪ್ಪದೆ ಹಾಜರಾಗಿ. ಗೈರುಹಾಜರಾದರೆ ಏಕಪಕ್ಷೀಯ ತೀರ್ಪಾಗುವ ಅಪಾಯವಿದೆ.

ಸಿವಿಲ್ ದಾವೆ ವರ್ಗವಾದರೆ ಈವರೆಗೆ ಆದ ಸಾಕ್ಷ್ಯ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ಹೊಸ ನ್ಯಾಯಾಲಯ ನಿಂತ ಹಂತದಿಂದಲೇ ಮುಂದುವರಿಸಬಹುದು, ಬೇಕೆನಿಸಿದರೆ ಮೊದಲಿಂದ ವಿಚಾರಿಸಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಅರ್ಜಿ ಹುರುಳಿಲ್ಲದ್ದು, ಪೀಡಿಸಲು ಹಾಕಿದ್ದು ಎಂದು ಕಂಡುಬಂದರೆ ಎದುರಾಳಿಗೆ ಪರಿಹಾರ ಕೊಡಿಸುವ ಅಧಿಕಾರವೂ ಕೋರ್ಟಿಗಿದೆ.

ಅರ್ಜಿ ಬಿದ್ದುಹೋದರೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಲ್ಲ ಎಂಬ ಅಳುಕು ನ್ಯಾಯವಾದದ್ದೇ. ನಿಲ್ಲಲೇಬೇಕು. ಅದಕ್ಕಾಗಿಯೇ ಅರ್ಜಿಯಲ್ಲಿ ಬೈಗುಳವಿರಬಾರದು, ಸಂಗತಿ ಮಾತ್ರ ಇರಬೇಕು. ಸಭ್ಯವಾಗಿ ಹೇಳಿದ ಸಂಗತಿಗೆ ಮನಸ್ಸು ಕಹಿ ಮಾಡಿಕೊಳ್ಳುವವರು ಕಡಿಮೆ. ತೀರ್ಪು ತಪ್ಪಿದರೆ ಮೇಲ್ಮನವಿಯ ಬಾಗಿಲು ಹೇಗೂ ತೆರೆದಿರುತ್ತದೆ.

ಎರಡು ಇತ್ತೀಚಿನ ಪಾಠಗಳು

ಜಮೀನು ಕೊಟ್ಟ ರೈತರಿಗೆ ನೇರವಾಗಿ ಸಂಬಂಧಿಸಿದ್ದು ಮೊದಲನೆಯದು. 2013ರ ಭೂಸ್ವಾಧೀನ ಕಾಯಿದೆಯಂತೆ ಹಳೆಯ ಸ್ವಾಧೀನ ಯಾವಾಗ ರದ್ದಾಗುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ಪೀಠದಲ್ಲಿದ್ದ ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರು ಇದೇ ಪ್ರಶ್ನೆಯ ಮೇಲೆ 2018ರಲ್ಲಿ ತೀರ್ಪು ಕೊಟ್ಟಿದ್ದರು. ಅವರು ಹಿಂದೆ ಸರಿಯಬೇಕೆಂದು ಜಮೀನು ಕಳೆದುಕೊಂಡವರ ಕಡೆಯಿಂದ ಕೋರಿಕೆ ಬಂತು. 2019ರ ಅಕ್ಟೋಬರ್ 23ರಂದು ಅದು ತಿರಸ್ಕೃತವಾಯಿತು. ಕಾನೂನಿನ ಪ್ರಶ್ನೆಯೊಂದರ ಮೇಲೆ ಹಿಂದೆ ತೀರ್ಪು ಬರೆದದ್ದು ಪಕ್ಷಪಾತವಾಗದು ಎಂಬುದು ಅದರ ತಿರುಳು. 2020ರ ಮಾರ್ಚ್ 6ರಂದು ಅದೇ ಪೀಠ ಅಂತಿಮ ತೀರ್ಪು ಕೊಟ್ಟಿತು.

ಎರಡನೆಯದು ನಮ್ಮ ಬೆಂಗಳೂರಿಗೇ ಬಂದ ಮೊಕದ್ದಮೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿಯ ಪ್ರಕರಣವನ್ನು ಸುಪ್ರೀಂ ಕೋರ್ಟು 2003ರ ನವೆಂಬರಿನಲ್ಲಿ ಚೆನ್ನೈಯಿಂದ ಕರ್ನಾಟಕಕ್ಕೆ ವರ್ಗಾಯಿಸಿತು. ಅವರ ಪಕ್ಷ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಸಾಕ್ಷಿಗಳನ್ನು ಮರಳಿ ಕರೆಸಿ, ಅವರಲ್ಲಿ ಬಹುಮಂದಿ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದಿದ್ದರು. ಸರ್ಕಾರಿ ವಕೀಲರು ಅದನ್ನು ವಿರೋಧಿಸಿರಲಿಲ್ಲ. ಇಲ್ಲಿ ಅಂಜಿಕೆಗೆ ದಾಖಲೆಯಲ್ಲೇ ಆಧಾರವಿತ್ತು. ಆದ್ದರಿಂದಲೇ ವರ್ಗಾವಣೆ ಸಿಕ್ಕಿತು. ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2014ರ ಸೆಪ್ಟೆಂಬರ್ 27ರಂದು, ಎಂದರೆ ಸುಮಾರು 11 ವರ್ಷಗಳ ನಂತರ. ವರ್ಗಾವಣೆಯಾದ ಮಾತ್ರಕ್ಕೆ ಮೊಕದ್ದಮೆ ಬೇಗ ಮುಗಿಯುವುದಿಲ್ಲ.

ತೂಗಿ ನೋಡಿ ಹೆಜ್ಜೆಯಿಡಿ

ಕೋರ್ಟಿಗೆ ಹೋದ ಪ್ರತಿ ದಿನ ರೈತನಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ದಾವೆ ದೂರದ ಊರಿಗೆ ಹೋದರೆ ಸಾಕ್ಷಿ ಹೇಳುವ ನೆರೆಹೊರೆಯವರ ಬಸ್ ಛಾರ್ಜು, ಊಟ ನಿಮ್ಮ ತಲೆಗೇ. ನ್ಯಾಯಾಧೀಶರಿಗೂ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಧಾರ ಗಟ್ಟಿಯಿದ್ದರೆ ಈ ಖರ್ಚಿಗೆ ಹೆದರಬೇಡಿ. ಆಧಾರವಿಲ್ಲದಿದ್ದರೆ ಅದೇ ಹಣವನ್ನು ಒಳ್ಳೆಯ ಸಾಕ್ಷ್ಯ ಒದಗಿಸಲು ಬಳಸಿ.

ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬರ ಅಥವಾ ನೆರೆಯಿಂದ ಸಂಕಟಕ್ಕೆ ಸಿಕ್ಕವರು, ನಿಗದಿಯಾದ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರು. ದೂರವಾಣಿ 15100ರಲ್ಲೂ ವಿಚಾರಿಸಬಹುದು.

ಕಡೆಯದಾಗಿ, ಸಂಶಯ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೈಯಲ್ಲಿ ಕಾಗದವೋ ಸಾಕ್ಷಿಯೋ ಇದೆಯೇ? ನನ್ನ ಜಾಗದಲ್ಲಿ ನೆರೆಯ ರೈತನಿದ್ದರೂ ಇದೇ ಅಂಜಿಕೆ ಪಡುತ್ತಿದ್ದನೇ? ತಿಳಿದ ಕೂಡಲೇ ಹೇಳುತ್ತಿದ್ದೇನೆಯೇ? ಮೂರಕ್ಕೂ ಹೌದು ಎಂದಾದರೆ ಅಳುಕದೆ ವಕೀಲರಿಗೆ ಹೇಳಿ ಅರ್ಜಿ ಹಾಕಿಸಿ. ಒಂದಕ್ಕಾದರೂ ಇಲ್ಲವೆಂದಾದರೆ ಮೇಲ್ಮನವಿ, ರಾಜಿಗಳ ದಾರಿ ನೋಡಿ. ಈ ಪುಟವನ್ನು ವಾಚನಾಲಯದಲ್ಲಿ ಓದಿದವರು ಓದು ಬಾರದ ನೆರೆಯವರಿಗೂ ಓದಿ ಹೇಳಿ. ಅವರ ದಾವೆ ಇಂದೇ ವಾಯಿದೆಯಲ್ಲಿರಬಹುದು.